ಕುಡಿತ ನಿಂತದ್ದು ಒಂದು ವಾರದಲ್ಲಿ, ಚಿಕಿತ್ಸೆ ನಡೆದದ್ದು ಆಮೇಲೆ

ಕುಡಿತದ ಚಟಕ್ಕೆ ಚಿಕಿತ್ಸೆ ಎಂದರೆ ಕುಡಿಯುವವನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಿ ಬಿಡಿಸಿಕೊಂಡು ಬರುವುದು ಎಂಬ ತಿಳಿವಳಿಕೆ ನಮ್ಮ ಕಡೆ ಬಲವಾಗಿದೆ. ಕೊಡಗಿನ ನಾಪೋಕ್ಲು ಕಡೆಯ ಒಂದು ಸಣ್ಣ ಕಾಫಿ ತೋಟದ ಮನೆಗೆ ಸೊಸೆಯಾಗಿ ಬಂದು, ಅಲ್ಲಿಯೇ ಶಾಲೆಯೊಂದರಲ್ಲಿ ಪಾಠ ಹೇಳಿಕೊಂಡು, ನಮ್ಮ ಮನೆಯವರ, ಅಂದರೆ ನನ್ನ ಗಂಡನ, ಕುಡಿತವನ್ನೂ ಆಮೇಲಿನ ಚಿಕಿತ್ಸೆಯನ್ನೂ ಹತ್ತಿರದಿಂದ ಕಂಡವಳಾಗಿ ಹೇಳುವುದಾದರೆ, ಬಿಡಿಸುವ ಕೆಲಸ ಒಂದು ವಾರದ್ದು. ಜೀವಕ್ಕೆ ಅಪಾಯ ಇರುವುದು ಆ ವಾರದಲ್ಲಿಯೇ ಆದರೂ ಇಡೀ ಚಿಕಿತ್ಸೆಯಲ್ಲಿ ಅದು ಬಹಳ ಸಣ್ಣ ಭಾಗ. ಅದರ ನಂತರದ ತಿಂಗಳುಗಳಲ್ಲಿ ಏನು ನಡೆಯುತ್ತದೆ, ಯಾವ ಮಾತ್ರೆಯನ್ನು ಯಾಕೆ ಕೊಡುತ್ತಾರೆ, ಮನೆಯವರು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಯಾರಾದರೂ ಮೊದಲೇ ಹೇಳಿದ್ದರೆ ನಮಗೆ ಎಷ್ಟೋ ಕಷ್ಟ ತಪ್ಪುತ್ತಿತ್ತು. ಇದನ್ನು ಅವರ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಬರೆದದ್ದನ್ನು ಓದಿ ಅವರು ಒಂದೆರಡು ಕಡೆ ತಿದ್ದಿಯೂ ಇದ್ದಾರೆ.

ಕೊಡಗಿನಲ್ಲಿ ಮದ್ಯ ಮನೆಯ ಹೊರಗೆ ನಿಲ್ಲುವ ವಸ್ತುವಲ್ಲ. ಹಿರಿಯರಿಗೆ ಎಡೆ ಇಡುವಾಗ ಬಾಳೆಲೆಯ ಪಕ್ಕದಲ್ಲಿ ಅದಕ್ಕೂ ಜಾಗವಿರುವ ಮನೆಗಳು ಅನೇಕ. ಮದುವೆ, ಆಯುಧಪೂಜೆಯ ಕೈಲ್ ಮುಹೂರ್ತ, ಸುಗ್ಗಿಯ ಹುತ್ತರಿ ಯಾವುದರಲ್ಲಿಯೂ ಅದನ್ನು ಮುಚ್ಚಿ ಕೊಡುವುದಿಲ್ಲ. ಸೇನೆಯಿಂದ ನಿವೃತ್ತರಾದವರು ಇರುವ ಮನೆಗೆ ಕ್ಯಾಂಟೀನಿನ ಕೋಟಾ ಬರುತ್ತದೆ. ಜಡಿಮಳೆಯ ತಿಂಗಳುಗಳಲ್ಲಿ ‘ಚಳಿಗೆ ಸ್ವಲ್ಪ’ ಎಂಬ ಮಾತಿಗೆ ಎದುರಾಡುವವರೇ ಇಲ್ಲ; ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬೆಚ್ಚಗಾದಂತೆ ತೋರುತ್ತದೆ, ಆದರೆ ಒಳಗಿನ ಶಾಖ ಅದೇ ದಾರಿಯಿಂದ ಹೊರಗೆ ಹೋಗುತ್ತದೆ ಎಂದು ನಾನು ಶಾಲೆಯಲ್ಲಿ ಹೇಳಿದ್ದನ್ನು ಮನೆಯಲ್ಲಿ ಹೇಳಿದರೆ ನಗುತ್ತಿದ್ದರು. ನಮ್ಮ ಮಾವನವರ ಕಾಲದಲ್ಲಿ ತೋಟದ ಕೂಲಿಯವರು ಇರುವ ಲೈನ್ ಮನೆಯವರಿಗೆ ಸಾರಾಯಿ, ತೋಟದ ಮನೆಯವರಿಗೆ ಬಾಟಲಿ ಎಂಬ ಭೇದವಿತ್ತು. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮೇಲೆ ಎಲ್ಲರೂ ಒಂದೇ ಅಂಗಡಿಯ ಮುಂದೆ ನಿಲ್ಲುವಂತಾಯಿತು. 90 ಮಿಲಿಯ ಕಾಗದದ ಪೊಟ್ಟಣವಂತೂ ಅಂಗಿಯ ಜೇಬಿನಲ್ಲಿ ಹಿಡಿಸುತ್ತದೆ. ಪಂಪ್‌ಹೌಸಿನ ಮೋಟಾರಿನ ಹಿಂದೆ, ಗೊಬ್ಬರದ ಚೀಲಗಳ ಸಂದಿಯಲ್ಲಿ, ಒಮ್ಮೆ ದೇವರ ಕೋಣೆಯ ಅಟ್ಟದ ಮೇಲೆ ಅವು ನನಗೆ ಸಿಕ್ಕಿವೆ. ಹೀಗೆ ಎಲ್ಲರೂ ಕುಡಿಯುವ ಕಡೆ ಒಬ್ಬನಿಗೆ ಮಾತ್ರ ಅದು ಕಾಯಿಲೆಯಾಗಿದೆ ಎಂದು ಗುರುತಿಸುವುದು ತಡವಾಗುತ್ತದೆ.

ಆ ಕಾಯಿಲೆ ಬೆಳೆದ ಬಗೆ ನಮ್ಮ ಮನೆಯಲ್ಲಿ ಸ್ಪಷ್ಟವಾಗಿ ಕಂಡದ್ದು ಅಯ್ಯಪ್ಪನ ಮಾಲೆಯಿಂದ. ಮದುವೆಯಾದ ಹೊಸದರಲ್ಲಿ ಅವರು ವೃಶ್ಚಿಕ ಮಾಸದಲ್ಲಿ ಮಾಲೆ ಹಾಕಿದರೆಂದರೆ 41 ದಿನ ಒಂದು ಹನಿಯನ್ನೂ ಮುಟ್ಟುತ್ತಿರಲಿಲ್ಲ. ಅತ್ತೆ ಅದನ್ನೇ ಹಿಡಿದುಕೊಂಡು, ‘ಮನಸ್ಸು ಮಾಡಿದರೆ ಬಿಡುವ ಶಕ್ತಿ ಅವನಿಗುಂಟು, ಮನಸ್ಸು ಮಾಡುವುದಿಲ್ಲ ಅಷ್ಟೆ’ ಎನ್ನುತ್ತಿದ್ದರು. ಕೆಲವು ವರ್ಷಗಳ ಮೇಲೆ, ಮಾಲೆ ತೆಗೆದ ರಾತ್ರಿಯೇ ಮತ್ತೆ ಶುರುವಾಗತೊಡಗಿತು. ಇನ್ನೂ ಕೆಲವು ವರ್ಷ ಕಳೆಯುವಷ್ಟರಲ್ಲಿ, ಮಾಲೆ ಹಾಕಿದ ಮೊದಲ ವಾರವೆಲ್ಲ ಕೈ ನಡುಗುವುದು, ಚಳಿಯಲ್ಲಿಯೂ ಬೆವರುವುದು, ರಾತ್ರಿಯಿಡೀ ನಿದ್ದೆಯಿಲ್ಲದೆ ಜಗಲಿಯಲ್ಲಿ ತಿರುಗುವುದು ಕಾಣಿಸಿಕೊಂಡಿತು. ಮನೆಯಲ್ಲಿ ಎಲ್ಲರೂ ಅದನ್ನು ವ್ರತದ ನಿತ್ರಾಣ ಎಂದುಕೊಂಡರು. ಕೊನೆಯ ಸಲ ಮಾಲೆ ಹಾಕಿದ ಮರುದಿನ, ಸ್ನಾನಕ್ಕೆಂದು ಬಚ್ಚಲ ಒಲೆಯ ಮುಂದೆ ಕುಳಿತಿದ್ದವರು ಹಿಂದಕ್ಕೆ ಬಿದ್ದರು. ಕಣ್ಣು ಮೇಲಾಗಿ, ಹಲ್ಲು ಕಚ್ಚಿ, ಮೈಯೆಲ್ಲ ಸೆಟೆದು ಅದುರಿತು. ಅದೇ ಮನುಷ್ಯ, ಅದೇ ವ್ರತ, ಭಕ್ತಿಯಲ್ಲಿ ಎಳ್ಳಷ್ಟೂ ಕಡಿಮೆಯಿಲ್ಲ.

ಮಡಿಕೇರಿಯ ಸರ್ಕಾರಿ ಆಸ್ಪತ್ರೆಗೆ ಮೈದುನನ ಜೀಪಿನಲ್ಲಿ ಕರೆದೊಯ್ದೆವು. 2016ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಅಲ್ಲಿ ಮನೋವೈದ್ಯಕೀಯ ವಿಭಾಗವೂ ಕೈಗೆಟಕುವಂತಾಗಿದೆ ಎಂಬುದು ನಮಗೆ ಆ ದಿನ ತಿಳಿಯಿತು. ಅಪಸ್ಮಾರ ಇರಬಹುದೆಂದು ಹೆದರಿದ್ದ ನನ್ನನ್ನು ವೈದ್ಯರು ಮೊದಲು ಕೇಳಿದ ಪ್ರಶ್ನೆ, ‘ಕೊನೆಯದಾಗಿ ಕುಡಿದದ್ದು ಯಾವಾಗ, ಟೀಚರೇ?’ ಎಂದು. ಹಿಂದಿನ ದಿನ ಬೆಳಗಿನ ಜಾವ ಎಂದೆ. ಅವರು ತಲೆಯಾಡಿಸಿದರು. ವರ್ಷಗಟ್ಟಲೆ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಆರು ಗಂಟೆಗಳ ನಂತರ ನಡುಕ, ಬೆವರು, ತಳಮಳ ಶುರುವಾಗಬಹುದು, ಮೊದಲ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದ ನಡುವೆ ಬುದ್ಧಿಭ್ರಮಣೆ ಆಗಬಹುದು ಎಂದು ವಿವರಿಸಿದರು. ಮೆದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಮದ್ಯ ಹೆಚ್ಚಿಸುತ್ತದೆ, ಉದ್ರೇಕಿಸುವ ಗ್ಲುಟಮೇಟಿನ ಕೆಲಸವನ್ನು ತಗ್ಗಿಸುತ್ತದೆ. ದಿನವೂ ಹೀಗಾದಾಗ ಮೆದುಳು ತಾನೇ ಸರಿದೂಗಿಸಿಕೊಂಡು ಉದ್ರೇಕದ ಭಾಗವನ್ನು ಬಲಪಡಿಸಿಕೊಳ್ಳುತ್ತದೆ. ‘ಹ್ಯಾಂಡ್ ಬ್ರೇಕ್ ಹಾಕಿಕೊಂಡೇ ಜೀಪು ಓಡಿಸಿ ಅಭ್ಯಾಸವಾದವನು ಆಕ್ಸಿಲರೇಟರನ್ನು ಹೆಚ್ಚೇ ಒತ್ತಿರುತ್ತಾನೆ. ಈಗ ಬ್ರೇಕ್ ಮಾತ್ರ ಬಿಟ್ಟುಬಿಟ್ಟಿರಿ’ ಎಂದರು. ಮೈದುನನಿಗೆ ನನಗಿಂತ ಬೇಗ ಅರ್ಥವಾಯಿತು.

ಆಸ್ಪತ್ರೆಗೆ ಸೇರಿದ ಮರುದಿನದ ರಾತ್ರಿ ನಡೆದದ್ದನ್ನು ನಾನು ಮರೆಯಲಾರೆ. ಔಷಧಿ ಶುರುವಾಗಿತ್ತು, ಆದರೂ ಅವರು ಎದ್ದು ಕುಳಿತು ಹೊದಿಕೆಯ ಅಂಚನ್ನು ಎಡಗೈಯಲ್ಲಿ ಬಗ್ಗಿಸಿ ಹಿಡಿದು, ಬಲಗೈಯ ಬೆರಳುಗಳಿಂದ ಒಂದೊಂದೇ ಗಂಟಿನಿಂದ ಏನನ್ನೋ ಕಳಚಿ ಸೊಂಟದ ಪಕ್ಕಕ್ಕೆ ಹಾಕತೊಡಗಿದರು. ಕಾಫಿ ಕೊಯ್ಯುತ್ತಿದ್ದರು. ಹಣ್ಣಾದದ್ದನ್ನು ಬಿಡಿಸಿ ಕಾಯನ್ನು ಬಿಡುವ ಜಾಗ್ರತೆಯೂ ಆ ಬೆರಳುಗಳಲ್ಲಿತ್ತು. ನಡುನಡುವೆ ‘ಕಣದಲ್ಲಿ ಹರಡಿದ್ದನ್ನು ಒಟ್ಟು ಮಾಡಿ, ಮಳೆ ಬಂತು’ ಎಂದು ವಾರ್ಡಿನ ಇನ್ನೊಂದು ಹಾಸಿಗೆಯ ಕಡೆ ನೋಡಿ ಕೂಗುತ್ತಿದ್ದರು. ನನ್ನನ್ನು ಯಾರೆಂದು ಗುರುತಿಸಲಿಲ್ಲ. ಹೀಗೆ ತಮ್ಮ ತಮ್ಮ ಕಸುಬನ್ನೇ ಗಾಳಿಯಲ್ಲಿ ಮಾಡುವುದು ಡೆಲಿರಿಯಮ್ ಟ್ರೆಮೆನ್ಸ್ ಎಂಬ ಈ ಸ್ಥಿತಿಯಲ್ಲಿ ವೈದ್ಯರಿಗೆ ಪರಿಚಿತವಾದ ಲಕ್ಷಣ: ಚಾಲಕರು ಸ್ಟೀರಿಂಗ್ ತಿರುಗಿಸುತ್ತಾರೆ, ದರ್ಜಿಗಳು ಹೊಲಿಯುತ್ತಾರೆ. ಮನೆಯಲ್ಲಿಯೇ ಆಗಿದ್ದರೆ ಮೈಮೇಲೆ ಬಂದಿದೆ ಎಂದು ಬೇರೆಯವರನ್ನು ಕರೆಸುತ್ತಿದ್ದರು. ಚಿಕಿತ್ಸೆಯಿಲ್ಲದಿದ್ದರೆ ಇದು ಪ್ರಾಣ ತೆಗೆಯಬಲ್ಲದು.

ಈ ಹಂತದ ಔಷಧಿ ಸರಳವೇ. ಮದ್ಯ ಮಾಡುತ್ತಿದ್ದ ಶಾಂತಗೊಳಿಸುವ ಕೆಲಸವನ್ನು ತಾತ್ಕಾಲಿಕವಾಗಿ ಮಾಡುವ ಬೆಂಜೊಡಯಾಜೆಪಿನ್ ಗುಂಪಿನ ಔಷಧಿಯನ್ನು ಮೊದಲು ಹೆಚ್ಚು ಕೊಟ್ಟು, ದಿನದಿನಕ್ಕೆ ತಗ್ಗಿಸುತ್ತ, ಸುಮಾರು ಒಂದು ವಾರದಲ್ಲಿ ನಿಲ್ಲಿಸುತ್ತಾರೆ. ಸಾಮಾನ್ಯವಾಗಿ ಕ್ಲೋರ್‌ಡಯಾಜೆಪಾಕ್ಸೈಡ್ ಬಳಸುತ್ತಾರೆ. ಇವರ ಯಕೃತ್ತಿನ ವರದಿ ಚೆನ್ನಾಗಿರದ ಕಾರಣ ಯಕೃತ್ತಿಗೆ ಅಷ್ಟು ಹೊರೆಯಾಗದ ಲೊರಾಜೆಪಾಮನ್ನು ಆರಿಸಿಕೊಂಡರು. ಇದನ್ನು ಚೀಟಿಯಲ್ಲಿ ನೋಡಿ ಮನೆಯಲ್ಲಿ ಮಾಡಿಕೊಳ್ಳುವಂತಿಲ್ಲ, ಏಕೆಂದರೆ ಅದಕ್ಕೂ ಚಟ ಹತ್ತುತ್ತದೆ, ಮದ್ಯದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು. ಜೊತೆಯಲ್ಲಿ ಥಯಮಿನ್, ಅಂದರೆ ಬಿ1 ಜೀವಸತ್ವದ ಚುಚ್ಚುಮದ್ದು. ಹೆಚ್ಚು ಕುಡಿಯುವವರ ಮೈಯಲ್ಲಿ ಅದು ಬರಿದಾಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಇದ್ದಬದ್ದ ಥಯಮಿನ್ನೂ ಖರ್ಚಾಗಿ ಮೆದುಳಿಗೆ ವರ್ನಿಕೆ ಎಂಬ ಹಾನಿ ತಟ್ಟಬಹುದು, ಅದು ಮುಂದುವರಿದರೆ ನೆನಪಿನ ಶಕ್ತಿಯೇ ಮರಳಿ ಬಾರದಂತೆ ಹೋಗಬಹುದು. ಸುಸ್ತಾದವನಿಗೆ ಒಂದು ಬಾಟಲಿ ಗ್ಲೂಕೋಸ್ ಹಾಕಿಸುವುದು ನಮ್ಮ ಕಡೆ ಎಲ್ಲ ಕಾಯಿಲೆಗೂ ಮೊದಲ ಉಪಚಾರ. ಕುಡಿಯುವವರ ಮನೆಯವರು ಇದೊಂದನ್ನು ವೈದ್ಯರ ಕಿವಿಯ ಮೇಲೆ ಹಾಕುವುದು ಒಳ್ಳೆಯದು.

ಭ್ರಮೆ ಇಳಿದ ಮೇಲೆ ಲೆಕ್ಕ ಶುರುವಾಯಿತು. ‘ದಿನಕ್ಕೆ ಎಷ್ಟು?’ ಎಂಬ ಪ್ರಶ್ನೆಗೆ ಅವರು ‘ಸ್ವಲ್ಪ’ ಎಂದರು. ಸಮಾಲೋಚಕಿ ನಗದೆ, ಬೇಸರಿಸದೆ, ಒಂದು ಕಾಗದ ತೆಗೆದುಕೊಂಡರು. ನಮ್ಮ ದೇಶದ ವಿಸ್ಕಿ, ಬ್ರಾಂದಿ, ರಮ್ಮುಗಳಲ್ಲಿ ಶೇಕಡ 42.8ರಷ್ಟು ಆಲ್ಕೋಹಾಲ್ ಇರುತ್ತದೆ. 30 ಮಿಲಿಯಲ್ಲಿ ಸುಮಾರು 10 ಗ್ರಾಂ, ಅದು ಒಂದು ಯೂನಿಟ್. ಒಂದು ನೈಂಟಿ ಮೂರು ಯೂನಿಟ್, 180 ಮಿಲಿಯ ಒಂದು ಕ್ವಾರ್ಟರ್ ಆರು ಯೂನಿಟ್, 750 ಮಿಲಿಯ ಬಾಟಲಿ 25. ಸಂಜೆಯದು, ರಾತ್ರಿಯದು, ಹಿಂದಿನ ಒಂದು ವರ್ಷದಿಂದ ಕಣ್ಣು ಬಿಟ್ಟ ಕೂಡಲೇ ಕೈ ನಡುಕ ನಿಲ್ಲಿಸಲು ಬೇಕಾಗುತ್ತಿದ್ದ ಪೊಟ್ಟಣ ಎಲ್ಲವನ್ನೂ ಕೂಡಿಸಿದಾಗ ಬಂದ ಮೊತ್ತವನ್ನು ನೋಡಿ ನನಗಿಂತ ಅವರೇ ಹೆಚ್ಚು ಬೆಚ್ಚಿದರು. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಹತ್ತು ಪ್ರಶ್ನೆಗಳ ಆಡಿಟ್ ಎಂಬ ಪರೀಕ್ಷೆಯೂ ಆಯಿತು. ಒಟ್ಟು 40 ಅಂಕಗಳಲ್ಲಿ 8 ಮುಟ್ಟಿದರೆ ಎಚ್ಚರಿಕೆ, 20 ಮುಟ್ಟಿದರೆ ಅವಲಂಬನೆಯ ಶಂಕೆ. ಅವರದು 20ನ್ನು ದಾಟಿತ್ತು. ಕಡುಬಯಕೆ, ಶುರು ಮಾಡಿದರೆ ನಿಲ್ಲಿಸಲಾಗದಿರುವುದು, ಬಿಟ್ಟರೆ ಮೈ ಕೆಡುವುದು, ಮೊದಲಿನ ಅಳತೆ ಸಾಲದೆ ಹೋಗುವುದು, ಬೇರೆ ಯಾವುದರಲ್ಲಿಯೂ ಆಸಕ್ತಿ ಉಳಿಯದಿರುವುದು, ಹಾನಿ ಕಂಡರೂ ಮುಂದುವರಿಸುವುದು ಎಂಬ ಆರರಲ್ಲಿ ಮೂರು ಲಕ್ಷಣಗಳು ಒಂದು ವರ್ಷದೊಳಗೆ ಒಟ್ಟಿಗೆ ಕಂಡರೆ ಅದನ್ನು ಅವಲಂಬನೆ ಎಂಬ ಕಾಯಿಲೆಯೆಂದು ವೈದ್ಯರು ಗುರುತಿಸುತ್ತಾರೆ. ‘ಕುಡುಕ’ ಎಂಬ ಮಾತನ್ನು ಆ ಕೋಣೆಯಲ್ಲಿ ಯಾರೂ ಆಡಲಿಲ್ಲ. ಅವರು ಮಾತಿಗೆ ತೆರೆದುಕೊಂಡದ್ದು ಅದರಿಂದಲೇ ಎಂದು ನನ್ನ ಎಣಿಕೆ.

ಬಿಡುಗಡೆಯ ಮಾತು ಬರುವ ಹೊತ್ತಿಗೆ ನೆಂಟರ ಸಲಹೆಗಳು ಬಂದವು. ಅತ್ತೆಯ ತಂಗಿ ಒಂದು ಪುಡಿಯ ವಿಷಯ ಹೇಳಿದರು: ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿದರೆ ಕುಡಿದಾಗ ವಾಂತಿಯಾಗಿ ಹೇಸಿಗೆ ಹುಟ್ಟುತ್ತದಂತೆ. ವೈದ್ಯರಲ್ಲಿ ಕೇಳಿದಾಗ ಅವರ ದನಿ ಮೊದಲ ಬಾರಿಗೆ ಗಡುಸಾಯಿತು. ಇಂಥ ಪುಡಿಗಳಲ್ಲಿ ಏನಿರುತ್ತದೆಂದು ಹೇಳಲಾಗದು. ಡೈಸಲ್ಫಿರಾಮ್ ಇದ್ದರೆ ಅದು ತಿಳಿಯದೆ ಸೇವಿಸುವ ಔಷಧಿಯೇ ಅಲ್ಲ. 1940ರ ದಶಕದಲ್ಲಿ ಡೆನ್ಮಾರ್ಕಿನ ಸಂಶೋಧಕರು ಅದರ ಈ ಗುಣವನ್ನು ಕಂಡುಕೊಂಡರು: ಮದ್ಯ ಮೈಯಲ್ಲಿ ಒಡೆಯುವಾಗ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷವನ್ನು ಮುಂದಕ್ಕೆ ಹೋಗಲು ಬಿಡದೆ ತಡೆಯುತ್ತದೆ. ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿದು, ಹೃದಯದ ತೊಂದರೆ ಇರುವವರು ಸತ್ತೂ ಹೋಗಬಹುದು. ಮಾತ್ರೆ ನಿಲ್ಲಿಸಿದ ಎರಡು ವಾರಗಳವರೆಗೂ ಅಪಾಯ ಉಳಿಯುತ್ತದೆ. ಅದನ್ನು ತಿಳಿದು, ಒಪ್ಪಿ, ಮನೆಯವರ ಮುಂದೆ ನುಂಗುವವರಿಗೆ ಅದು ಉಪಯುಕ್ತ. ಅಂಥವರು ಮದ್ಯಸಾರವಿರುವ ಕೆಮ್ಮಿನ ಸಿರಪ್ಪು, ಆಯುರ್ವೇದದ ಅರಿಷ್ಟ ಆಸವಗಳನ್ನೂ ಬಿಡಬೇಕು.

ಇನ್ನೊಬ್ಬರು ಜಿಲ್ಲೆಯ ಹೊರಗಿನ ಒಂದು ಖಾಸಗಿ ಕೇಂದ್ರದ ಹೆಸರು ಹೇಳಿದರು. ದೂರವಾಣಿಯಲ್ಲಿ ವಿಚಾರಿಸಿದೆ. ‘ನೀವು ಏನೂ ಹೇಳಬೇಡಿ ಮೇಡಂ, ನಾವೇ ವ್ಯಾನಿನಲ್ಲಿ ಬಂದು ಎತ್ತಿಕೊಂಡು ಹೋಗುತ್ತೇವೆ, ಮೂರು ತಿಂಗಳು ಭೇಟಿ ಇಲ್ಲ, ಹಣ ಮುಂಗಡ’ ಎಂದರು. ವೈದ್ಯರು ಯಾರು, ದಿನವೂ ಬರುತ್ತಾರೆಯೇ, ಫಿಟ್ಸ್ ಬಂದರೆ ಏನು ಮಾಡುತ್ತೀರಿ ಎಂಬುದಕ್ಕೆ ನೇರ ಉತ್ತರ ಬರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಉಂಟಾಗುವ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಇಂಥವರನ್ನು ಇರಿಸಿಕೊಂಡು ಚಿಕಿತ್ಸೆ ನೀಡುವ ಸಂಸ್ಥೆ ನೋಂದಣಿ ಹೊಂದಿರಬೇಕು, ಒಳಗಿರುವವರಿಗೆ ಹೊರಗಿನವರೊಡನೆ ಸಂಪರ್ಕ ಇಟ್ಟುಕೊಳ್ಳುವ ಹಕ್ಕೂ ಇದೆ. ಒಳ್ಳೆಯ ಪುನರ್ವಸತಿ ಕೇಂದ್ರಗಳು ಇಲ್ಲವೆಂದಲ್ಲ; ಮನೆಯ ವಾತಾವರಣದಲ್ಲಿ ಬಿಟ್ಟಿರಲು ಸಾಧ್ಯವೇ ಇಲ್ಲದವರಿಗೆ ಅವು ಬೇಕೇ ಬೇಕು. ಆದರೆ ಮೊದಲು ನೋಂದಣಿ ಪತ್ರ ತೋರಿಸಿ ಎಂದು ಕೇಳಬೇಕು, ಸಿಟ್ಟಾದರೆ ಅಲ್ಲಿಂದ ಎದ್ದು ಬರಬೇಕು.

ನಾದಿನಿಯ ಗಂಡ ಮದ್ಯವರ್ಜನ ಶಿಬಿರಕ್ಕೆ ಸೇರಿಸಿ ಎಂದರು. ಅವರು ಹೇಳಿದ್ದಕ್ಕೆ ತೂಕವಿತ್ತು, ಏಕೆಂದರೆ ಅವರೇ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಎಂಟು ದಿನಗಳ ಶಿಬಿರದಲ್ಲಿ ಕುಳಿತು ಬಂದವರು, ಆಮೇಲೆ ಮುಟ್ಟಿದವರಲ್ಲ. ಊರಿನ ಸಭಾಂಗಣದಲ್ಲಿಯೇ ನಡೆಯುವ ಈ ಶಿಬಿರದಲ್ಲಿ ಭಜನೆ, ಯೋಗ, ಸಮಾಲೋಚನೆ ಇರುತ್ತದೆ, ಕುಟುಂಬದವರನ್ನೂ ಕರೆಸುತ್ತಾರೆ, ಮುಗಿದ ಮೇಲೆ ನವಜೀವನ ಸಮಿತಿಗಳ ಮೂಲಕ ಸಂಪರ್ಕ ಉಳಿಸಿಕೊಳ್ಳುತ್ತಾರೆ. ಭಾವನವರ ಗೆಲುವಿನಲ್ಲಿ ಆ ಕೊನೆಯದರ ಪಾಲೇ ದೊಡ್ಡದು ಎಂದು ನನಗೆ ತೋರುತ್ತದೆ. ವೈದ್ಯರು ಬೇಡವೆನ್ನಲಿಲ್ಲ, ಫಿಟ್ಸ್ ಮತ್ತು ಭ್ರಮೆ ಬಂದವರು ಮೊದಲು ಆಸ್ಪತ್ರೆಯ ಹಂತ ಮುಗಿಸಿ ಆಮೇಲೆ ಎಲ್ಲಿಗೆ ಬೇಕಾದರೂ ಹೋಗಲಿ ಎಂದರು.

ಮುಂದಿನ ಔಷಧಿಯ ಆಯ್ಕೆಯಲ್ಲಿ ವೈದ್ಯರು ನಮ್ಮ ಮನೆಯವರನ್ನೂ ಕೂರಿಸಿಕೊಂಡು ಮಾತನಾಡಿದ್ದು ನನಗೆ ಬಹಳ ಹಿಡಿಸಿತು. ಹೆದರಿಕೆಯಿಂದ ತಡೆಯುವ ಡೈಸಲ್ಫಿರಾಮ್, ಕುಡಿದಾಗ ಸಿಗುವ ಹಿತವನ್ನೇ ತಗ್ಗಿಸಿ ಬಯಕೆಯನ್ನು ಸಡಿಲಿಸುವ ನಾಲ್ಟ್ರೆಕ್ಸೋನ್, ಬಿಟ್ಟ ಮೇಲೆ ಕೆರಳಿರುವ ಮೆದುಳನ್ನು ಸಮತೋಲಕ್ಕೆ ತರಲು ನೆರವಾಗುವ ಅಕ್ಯಾಂಪ್ರೊಸೇಟ್: ಮೂರನ್ನೂ ಮುಂದಿಟ್ಟರು. ಮೊದಲ ಎರಡಕ್ಕೆ ಯಕೃತ್ತು ಆರೋಗ್ಯವಾಗಿರಬೇಕು. ನಾಲ್ಟ್ರೆಕ್ಸೋನ್ ದಿನಕ್ಕೆ 50 ಮಿಲಿಗ್ರಾಮಿನ ಒಂದೇ ಮಾತ್ರೆಯಾದರೂ, ಟ್ರಮಡಾಲ್‌ನಂಥ ನೋವಿನ ಮಾತ್ರೆ ನುಂಗುವವರಿಗೆ ಆಗದು. ಇವರೋ ಸೊಂಟ ನೋವಿಗೆ ಅದನ್ನೇ ಆಗಾಗ ತರಿಸಿಕೊಳ್ಳುತ್ತಿದ್ದರು. ಅಕ್ಯಾಂಪ್ರೊಸೇಟ್ ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ ಯಕೃತ್ತಿಗೆ ಹೊರೆಯಿಲ್ಲ, ಆದರೆ 333 ಮಿಲಿಗ್ರಾಮಿನ ಎರಡೆರಡು ಮಾತ್ರೆಗಳನ್ನು ದಿನಕ್ಕೆ ಮೂರು ಹೊತ್ತು ನುಂಗಬೇಕು. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿ ಅದನ್ನೇ ಆರಿಸಿದರು. ಯಕೃತ್ತು ಗಡಸಾಗಿ ಸಿರೋಸಿಸ್‌ಗೆ ತಿರುಗಿದವರಿಗೆ ಬ್ಯಾಕ್ಲೋಫೆನ್ ಕೊಡುವುದೂ ಉಂಟೆಂದರು. ಅಕ್ಯಾಂಪ್ರೊಸೇಟ್ ಶುರುವಾದ ಮೊದಲ ದಿನಗಳಲ್ಲಿ ಹೊಟ್ಟೆ ಕೆಟ್ಟಿತು, ಆಮೇಲೆ ಹೊಂದಿಕೊಂಡಿತು. ಮಧ್ಯಾಹ್ನದ ಮಾತ್ರೆ ತೋಟದಲ್ಲಿ ಮರೆಯುತ್ತಿದ್ದರಿಂದ ತೋಟದ ಲೆಕ್ಕ ಬರೆಯುವ ರೈಟರ್ ಹಾಜರಿ ಪುಸ್ತಕ ಇಡುವ ಪೆಟ್ಟಿಗೆಯಲ್ಲಿ ಮಾತ್ರೆಯ ಒಂದು ಪಟ್ಟಿ ಇಟ್ಟರು. ವಿಮೆಯಿಂದ ಇದಕ್ಕೆ ಒಂದು ರೂಪಾಯಿಯೂ ಬರಲಿಲ್ಲ. ಕುಡಿತದ ಚಿಕಿತ್ಸೆಯನ್ನು ಹೊರಗಿಟ್ಟ ಸಾಲು ಪಾಲಿಸಿಯಲ್ಲಿಯೇ ಇತ್ತು.

ಮಾತ್ರೆಗಿಂತ ನಿಧಾನವಾಗಿ ಕೆಲಸ ಮಾಡಿದ್ದು ಸಮಾಲೋಚನೆ. ಯಾವ ಹೊತ್ತಿಗೆ, ಯಾರ ಜೊತೆ, ಯಾವ ಮನಸ್ಥಿತಿಯಲ್ಲಿ ಆಸೆ ಕೆರಳುತ್ತದೆ ಎಂದು ಬರೆಸಿದರು. ನಾವೆಲ್ಲ ದುಃಖಕ್ಕೆ, ಸಾಲಕ್ಕೆ ಕುಡಿಯುತ್ತಾರೆ ಎಂದುಕೊಂಡಿದ್ದೆವು. ಪಟ್ಟಿಯ ಮೇಲ್ತುದಿಯಲ್ಲಿ ಇದ್ದದ್ದು ಕಾಫಿ ಮಾರಿದ ದಿನ. ವ್ಯಾಪಾರಿಯ ಕೈಯಿಂದ ಹಣ ಬಂದ ಸಂಜೆ ಪೇಟೆಯಿಂದ ನೇರವಾಗಿ ಮನೆಗೆ ಬಂದದ್ದೇ ಇಲ್ಲವೆಂದು ಅವರೇ ಹೇಳಿದರು. ಅದಕ್ಕೆ ಕಂಡುಕೊಂಡ ಪರಿಹಾರ ಬಹಳ ಸಾಧಾರಣದ್ದು: ಮೂಟೆ ತೂಗಿಸಲು ಮೈದುನ ಹೋಗುವುದು, ಹಣ ಬ್ಯಾಂಕಿಗೆ ಬರುವುದು. ಆಸೆ ಎದ್ದಾಗ ಅದು ಏರಿ, ಸ್ವಲ್ಪ ಹೊತ್ತು ನಿಂತು, ತಾನಾಗಿ ಇಳಿಯುತ್ತದೆ, ಅರ್ಧ ಗಂಟೆ ಬೇರೆ ಕೆಲಸಕ್ಕೆ ಕೈಹಾಕಿ ಎಂದದ್ದನ್ನು ಅವರು ಗಿಡ ಸವರುವ ಕಪಾತು ಕತ್ತರಿ ಹಿಡಿದು ಪಾಲಿಸಿದರು. ಆ ವರ್ಷ ಮನೆಯ ಹಿಂದಿನ ಕಾಫಿ ಗಿಡಗಳು ಅಗತ್ಯಕ್ಕಿಂತ ಹೆಚ್ಚೇ ಬೋಳಾದವು.

ನನ್ನನ್ನೂ ಬೇರೆಯಾಗಿ ಕೂರಿಸಿ ಮಾತನಾಡಿಸಿದರು. ಬಾಟಲಿ ಹುಡುಕಿ ಚೆಲ್ಲುವುದು, ಮಕ್ಕಳ ತಲೆಯ ಮೇಲೆ ಕೈಯಿಡಿಸಿ ಆಣೆ ಹಾಕಿಸುವುದು, ಅವರು ಮಲಗಿದ್ದಾಗ ಕೆಲಸದವರಿಗೆ ‘ಜ್ವರ’ ಎಂದು ಹೇಳಿ ಕಳಿಸುವುದು ಇವುಗಳಿಂದ ಕುಡಿತ ಕಡಿಮೆಯಾಗುವುದಿಲ್ಲ, ಬಚ್ಚಿಡುವ ಜಾಣತನ ಮಾತ್ರ ಬೆಳೆಯುತ್ತದೆ ಎಂದು ಸಮಾಲೋಚಕಿ ಹೇಳಿದರು. ಕುಡಿಯದ ಹೊತ್ತಿನಲ್ಲಿ ಮಾತ್ರ ಮಾತನಾಡಿ, ಕುಡಿದಾಗ ಜಗಳಕ್ಕೆ ನಿಲ್ಲಬೇಡಿ, ಆದರೆ ಅದರ ಪರಿಣಾಮವನ್ನು ನೀವು ಮುಚ್ಚಿ ಹಾಕಲೂ ಬೇಡಿ ಎಂಬುದು ಅವರ ಸಲಹೆ. ಮಗಳು ಅಪ್ಪನ ಎದುರಿಗೆ ಕೂರುವುದನ್ನೇ ಬಿಟ್ಟಿದ್ದಳು. ಅದು ಸರಿಯಾಗಲು ಯಕೃತ್ತು ಸರಿಯಾಗುವುದಕ್ಕಿಂತ ಹೆಚ್ಚು ಕಾಲ ಹಿಡಿಯಿತು, ಈಗಲೂ ಪೂರ್ತಿಯಾಗಿಲ್ಲ.

ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೆ ಹೋಗಲು ಅವರು ಬಹಳ ಹಿಂಜರಿದರು. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಕುಡಿತದಿಂದ ಹೊರಬರಲು ಹೆಣಗುತ್ತಿದ್ದ ಇಬ್ಬರು ಪರಸ್ಪರ ಮಾತನಾಡಿದ್ದರಿಂದ ಹುಟ್ಟಿದ ಕೂಟ ಅದು. ಶುಲ್ಕವಿಲ್ಲ, ಹಾಜರಿ ಪುಸ್ತಕವಿಲ್ಲ, ಹೆಸರು ಹೇಳಬೇಕಾದ ಕಡ್ಡಾಯವಿಲ್ಲ. ಆದರೆ ಕೊಡಗಿನಂಥ ಸಣ್ಣ ಜಿಲ್ಲೆಯಲ್ಲಿ ಮನೆತನದ ಹೆಸರು ಕೇಳದೆಯೇ ಮುಖ ನೋಡಿ ‘ನೀವು ಇಂಥವರ ಮಗನಲ್ಲವೇ’ ಎನ್ನುವವರಿರುವಾಗ ಅನಾಮಿಕತೆ ಎಂಬುದು ಕಷ್ಟವೇ. ಕೊನೆಗೆ ಹತ್ತಿರದ ಪೇಟೆಯನ್ನು ಬಿಟ್ಟು ದೂರದ ಪೇಟೆಯ ಸಭೆಗೆ ಬಸ್ಸಿನಲ್ಲಿ ಹೋದರು. ಮೊದಲ ದಿನವೇ ಅಲ್ಲಿ ಪರಿಚಿತರೊಬ್ಬರು ಸಿಕ್ಕರು. ಅವರೂ ಅದೇ ಕಾರಣಕ್ಕೆ ಅಷ್ಟು ದೂರ ಬಂದವರು. ಈಗ ಇಬ್ಬರೂ ಒಟ್ಟಿಗೆ ಹೋಗುತ್ತಾರೆ. ದೇವರ ಮಾತು ಹೆಚ್ಚೆಂದು ಅವರಿಗೆ ಅಲ್ಲಿಯ ಎಲ್ಲವೂ ಒಗ್ಗಿಲ್ಲ, ಆದರೆ ಆಸೆ ಎದ್ದ ರಾತ್ರಿ ಫೋನು ಮಾಡಿದರೆ ಉಪದೇಶ ಮಾಡದೆ ಎತ್ತುವ ಒಬ್ಬರು ಸಿಕ್ಕಿದ್ದಾರೆ.

ಮಳೆಗಾಲದಲ್ಲಿ ಮತ್ತೆ ಕುಡಿತಕ್ಕೆ ಬಿದ್ದರು. ಆಟಿ ತಿಂಗಳು, ಕರೆಂಟಿಲ್ಲದೆ ಕಳೆದ ದಿನಗಳು, ನೆಂಟರ ಮನೆಯ ಒಂದು ಊಟ. ವಿಸ್ಕಿಯ ಲೋಟವನ್ನು ಅವರು ನಿರಾಕರಿಸಿದ್ದರು; ಆ ಮನೆಯ ಹಿರಿಯರು ‘ಇದು ಮನೆಯಲ್ಲಿ ಮಾಡಿದ ವೈನ್, ಹಣ್ಣಿನ ರಸ ಅಷ್ಟೆ’ ಎಂದು ಸಣ್ಣ ಗ್ಲಾಸೊಂದನ್ನು ಕೈಗಿತ್ತರು. ಹಣ್ಣು, ಸಕ್ಕರೆ, ಯೀಸ್ಟು ಸೇರಿ ಹುದುಗಿದ ಮೇಲೆ ಅದು ರಸವಾಗಿ ಉಳಿಯುವುದಿಲ್ಲ. ಆ ಗ್ಲಾಸಿನಿಂದ ಪೊಟ್ಟಣಕ್ಕೆ ಬರಲು ಒಂದು ವಾರ ಸಾಕಾಯಿತು. ಆ ರಾತ್ರಿಗಳಲ್ಲೊಂದರಲ್ಲಿ ನಾನು ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಉಚಿತ ಸೇವೆ ಹಗಲು ರಾತ್ರಿ ಲಭ್ಯ, ಕನ್ನಡದಲ್ಲಿಯೇ ಮಾತನಾಡಬಹುದು. ಒಮ್ಮೆಲೇ ನಿಲ್ಲಿಸಲು ಒತ್ತಾಯಿಸಬೇಡಿ, ಹಿಂದೆ ಫಿಟ್ಸ್ ಬಂದವರನ್ನು ಬೆಳಿಗ್ಗೆಯೇ ಆಸ್ಪತ್ರೆಗೆ ಕರೆತನ್ನಿ ಎಂದರು. ಆಸ್ಪತ್ರೆಯಲ್ಲಿ ನಾನು ಬೈಗುಳವನ್ನು ನಿರೀಕ್ಷಿಸಿದ್ದೆ. ವೈದ್ಯರು ಅವರನ್ನು ನೋಡಿ, ‘ಬಂದಿರಲ್ಲ, ಒಳ್ಳೆಯದಾಯಿತು. ಸಕ್ಕರೆ ಕಾಯಿಲೆಯವರು ಹಬ್ಬದಲ್ಲಿ ಹೋಳಿಗೆ ತಿಂದು ಬಂದರೆ ನಾವು ಔಷಧಿ ನಿಲ್ಲಿಸುವುದಿಲ್ಲ’ ಎಂದರು. ಮರುಕಳಿಸುವಿಕೆ ಈ ಕಾಯಿಲೆಯಲ್ಲಿ ಸಾಮಾನ್ಯ. ಮತ್ತೆ ಕುಡಿದವರು ಎಷ್ಟು ಬೇಗ ವೈದ್ಯರ ಬಳಿಗೆ ಮರಳುತ್ತಾರೆ ಎಂಬುದರಿಂದಲೇ ಮುಂದಿನದು ನಿರ್ಧಾರವಾಗುತ್ತದೆ. ಈ ಸಲ ನಡುಕವಷ್ಟೇ ಬಂದಿತ್ತು.

ಆ ವರ್ಷದ ಹುತ್ತರಿಗೆ ಮನೆಯಲ್ಲಿ ಚರ್ಚೆಯೇ ನಡೆಯಿತು. ಹಿರಿಯರಿಗೆ ಇಡುವುದನ್ನು ತಪ್ಪಿಸಲು ಅತ್ತೆ ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಕೊನೆಗೆ ಅವರೇ ದಾರಿ ಹುಡುಕಿದರು: ಎಡೆ ಇಡುವ ಕೆಲಸ ಆ ಸಲ ಮೈದುನನದು, ಬಾಟಲಿ ಬರುವುದು ಅವನ ಮನೆಯಿಂದ, ಪೂಜೆ ಮುಗಿದ ಕೂಡಲೇ ಹಿಂದಿರುಗುವುದು ಅವನ ಮನೆಗೇ. ನಮ್ಮ ಮನೆಯವರು ಕದಿರು ತೆಗೆಯಲು ಗದ್ದೆಗೆ ಹೋದರು, ಊಟಕ್ಕೆ ಬಂದರು, ಬೇಗ ಮಲಗಿದರು. ನೆಂಟರಲ್ಲಿ ಒಂದಿಬ್ಬರು ಮುಖ ಸಿಂಡರಿಸಿದರು. ಅತ್ತೆ ಅವರಿಗೆ, ‘ಅವನಿಗೆ ಡಾಕ್ಟರ ಔಷಧಿ ನಡೀತಾ ಉಂಟು’ ಎಂದಷ್ಟೇ ಹೇಳಿದರು. ಮನಸ್ಸು ಮಾಡುವ ಮಾತನ್ನು ಅವರು ಆಮೇಲೆ ಎತ್ತಿಲ್ಲ.

ಅಕ್ಯಾಂಪ್ರೊಸೇಟನ್ನು, ಸ್ಥಿತಿ ಒಂದು ಹಂತಕ್ಕೆ ಬಂದ ಮೇಲೆ, ವೈದ್ಯರು ನಿಲ್ಲಿಸಿದ್ದಾರೆ. ಯಕೃತ್ತಿನ ಕಿಣ್ವಗಳು ಸಹಜ ಮಟ್ಟಕ್ಕೆ ಇಳಿದಿವೆ, ಕೊಬ್ಬು ತುಂಬಿದ ಹಂತದಲ್ಲಿಯೇ ಹಿಡಿದದ್ದರಿಂದ ಹಿಂದಿರುಗಿತು, ಗಡಸಾಗಿದ್ದರೆ ಹಾಗಾಗುತ್ತಿರಲಿಲ್ಲ ಎಂದರು. ದೂರದ ಸಭೆ ಮತ್ತು ಆಗಾಗಿನ ತಪಾಸಣೆ ಮುಂದುವರಿದಿವೆ.

ಮೊನ್ನೆ ಪಕ್ಕದ ತೋಟದ ಲೈನ್ ಮನೆಯಿಂದ ಒಬ್ಬಾಕೆ ಬಂದು, ‘ಟೀಚರಮ್ಮ, ನಿಮ್ಮ ಯಜಮಾನರಿಗೆ ಕೊಟ್ಟ ಪುಡಿ ನಮಗೂ ಹೇಳಿ’ ಎಂದಳು. ಪುಡಿಯಲ್ಲ ಎಂದು ವಿವರಿಸಿದೆ. ಗಂಡ ಆಸ್ಪತ್ರೆಗೆ ಬರಲು ಒಪ್ಪುವುದಿಲ್ಲ, ಹಾಗಾದರೆ ದಾರಿಯೇ ಇಲ್ಲವೇ ಎಂಬುದು ಅವಳ ಮುಂದಿನ ಪ್ರಶ್ನೆ. ಅವನು ಬಾರದಿದ್ದರೂ ಅವಳು ಹೋಗಬಹುದು. ಮನೆಯವರು ಮೊದಲು ಹೋಗಿ, ಹೇಗೆ ಮಾತನಾಡಬೇಕು, ಯಾವ ಹೊತ್ತಿನಲ್ಲಿ ಚಿಕಿತ್ಸೆಯ ಮಾತು ಎತ್ತಬೇಕು ಎಂದು ತಿಳಿದುಕೊಂಡು ಬಂದದ್ದರಿಂದಲೇ ಎಷ್ಟೋ ಗಂಡಸರು ಆಮೇಲೆ ತಾವಾಗಿ ಬಂದಿದ್ದಾರೆಂದು ಸಮಾಲೋಚಕಿ ನನಗೆ ಹೇಳಿದ್ದರು. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಚಿಕಿತ್ಸಾಲಯ ಇರುತ್ತದೆ, ಚೀಟಿ ಮಾಡಿಸಿ ಕುಳಿತುಕೊಂಡರೆ ಸಾಕು ಎಂದು ಹೇಳಿ, 14416 ಎಂಬ ಸಂಖ್ಯೆಯನ್ನು ಅವಳ ಮಗನ ನೋಟುಪುಸ್ತಕದ ಹಿಂಬದಿಯಲ್ಲಿ ಬರೆದುಕೊಟ್ಟೆ. ಮಂಗಳವಾರ ಕೂಲಿ ಬಿಡಬೇಕಾಗುತ್ತದಲ್ಲ ಎಂದಳು. ಅವಳ ತೋಟದ ರೈಟರಿಗೆ ನಮ್ಮ ಮನೆಯವರೇ ಫೋನು ಮಾಡಿ, ಆ ದಿನದ ಬದಲು ಭಾನುವಾರ ಕೆಲಸಕ್ಕೆ ಬರಲು ಅವಳಿಗೆ ಒಪ್ಪಿಗೆ ಕೊಡಿಸಿದರು.